ಸ್ನಾನದ ಚೊಂಬಿನಿಂದಲೇ ಆಟ ಶುರು ಮಾಡಿ

ಎರಡು-ಮೂರು ವರ್ಷದ ಮಗುವಿಗೆ ಆಟಿಸಂ (ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇದೆ ಎಂದು ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ಆಟಿಕೆ ಖರೀದಿ ಜೋರಾಗುತ್ತದೆ. ಅದು ಆಮೇಲಾಗಲಿ. ಥೆರಪಿ ಸಿಗುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಮಗು ನಿಮ್ಮ ಅಡುಗೆಮನೆ, ಬಚ್ಚಲುಮನೆಯಲ್ಲೇ ತಾನೇ ಇರುವುದು? ಇಲ್ಲಿ ಹೇಳುವ ಆಟಗಳು ಎಲ್ಲ ಮಕ್ಕಳಿಗೂ ಆಗುತ್ತವೆ. ಅಕ್ಕ, ತಮ್ಮ ಇದ್ದರೆ ಅವರೂ ಸೇರಲಿ.

ಮೊದಲು ಸುಮ್ನೆ ಕೂತು ನೋಡಿ. ಮಗು ತಾನಾಗಿ ಏನು ಮಾಡುತ್ತದೆ? ಲೋಟ ಸಾಲಾಗಿ ಇಡುತ್ತದೆಯೇ, ಮುಚ್ಚಳ ತಿರುಗಿಸುತ್ತದೆಯೇ, ನೀರು ಸುರಿಯುತ್ತದೆಯೇ? ಅದನ್ನು ಬಿಡಿಸಲು ಹೋಗಬೇಡಿ. ನೀವು ಆಟಕ್ಕೆ ಸೇರಬೇಕಾದ ಜಾಗ ಅದೇ.

ನೀರು ಇಷ್ಟ ಅನ್ನೋಣ. ಸ್ನಾನಕ್ಕೆ ಎರಡು ಚೊಂಬು ಇಡಿ, ಒಂದು ನಿಮಗೆ. ಮಣೆ ಹಾಕಿಕೊಂಡು ಮಗುವಿನ ಎದುರಿಗೆ, ಅದರ ಮುಖದ ಮಟ್ಟಕ್ಕೆ ಕೂರಿ. ಅದು ಸುರಿದಂತೆ ನೀವೂ ಸುರಿಯಿರಿ. ಮಾತು ಕಡಿಮೆ: ‘ನೀರು’, ‘ಹಾಕು’, ಅಷ್ಟೇ. ‘ಇದೇನು? ಯಾವ ಬಣ್ಣ? ಹೇಳು, ಹೇಳು’ ಎಂಬ ಪರೀಕ್ಷೆ ಬೇಡ. ಆಟ ಹೊಂದಿಕೊಂಡ ಮೇಲೆ ಸರದಿ ತನ್ನಿ, ಒಂದ್ಸಲ ಅದು, ಒಂದ್ಸಲ ನೀವು. ಆಮೇಲೆ ಚೊಂಬು ಎತ್ತಿ ‘ಒಂದು... ಎರಡು...’ ಅಂದು ನಿಲ್ಲಿಸಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನಮಗೆ ಕಷ್ಟವಾಗುವುದು ಇದೇ, ತಡೆಯಲಾರದೆ ಸುರಿದುಬಿಡುತ್ತೇವೆ! ಮಗು ಕಣ್ಣೆತ್ತಿದರೂ, ‘ಊಂ’ ಅಂದರೂ, ನಿಮ್ಮ ಕೈ ಎಳೆದರೂ ಕೇಳಿದ ಹಾಗೆಯೇ ಲೆಕ್ಕ. ತಕ್ಷಣ ‘ಮೂರು!’ ಅಂತ ಸುರಿಯಿರಿ. ಗಲ್ಲ ಹಿಡಿದು ‘ನನ್ನ ನೋಡು’ ಅನ್ನಬೇಡಿ. ತುಂಬಿದ ಬಕೆಟ್ ಹತ್ತಿರ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ಅಡುಗೆಮನೆಯಲ್ಲೂ ಇದೇ ಕ್ರಮ. ಚಪಾತಿ ಹಿಟ್ಟಿನ ಉಂಡೆ ಕೊಡಿ. ಕೈಗೆ ಅಂಟುವುದು ಸೇರದಿದ್ದರೆ ಲಟ್ಟಣಿಗೆ ಉರುಳಿಸಲಿ. ಡಬ್ಬಿಗಳಿಗೆ ಮುಚ್ಚಳ ಹೊಂದಿಸಲಿ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಇಡ್ಲಿ ಹಿಡಿದು ‘ಯಾವುದು ಬೇಕು?’ ಅಂತ ಕೇಳಿ ಕಾಯಿರಿ. ಕಡಲೆಬೀಜ, ಅವರೆಕಾಳು ಮಾತ್ರ ಕೈಗೆ ಸಿಗದಂತಿರಲಿ. ಮಕ್ಕಳು ಅವನ್ನು ಮೂಗಿಗೆ ತುರುಕಿಕೊಳ್ಳುತ್ತವೆ, ಗಂಟಲಿಗೆ ಸಿಕ್ಕರೆ ಅಪಾಯ.

ಕುಕ್ಕರ್ ಕೂಗಿದಾಗ ಕಿವಿ ಮುಚ್ಚಿಕೊಂಡು ಅಳುವುದು ಹಟವಲ್ಲ. ಆ ಸದ್ದು ಅದಕ್ಕೆ ನಿಜಕ್ಕೂ ತಡೆಯಲಾಗದು. ಮೊದಲೇ ‘ಸೀಟಿ ಬರುತ್ತೆ’ ಎಂದು ಹೇಳಿ, ಬೇರೆ ಕೋಣೆಗೆ ಕರೆದೊಯ್ಯಿರಿ. ಹೊರಗೆ ಹೋಗುವುದಿದ್ದರೆ ಚಪ್ಪಲಿ, ಬಸ್ಸು, ಅಜ್ಜಿ ಮನೆಯ ಫೋಟೊಗಳನ್ನು ಅದೇ ಕ್ರಮದಲ್ಲಿ ತೋರಿಸಿ.

ಇನ್ನು ಮೊಬೈಲ್. 2 ವರ್ಷ ತುಂಬುವ ತನಕ ಸ್ಕ್ರೀನ್ ಬೇಡ, ಆಮೇಲೆ 4ರವರೆಗೆ ದಿನಕ್ಕೆ 1 ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಒಂದೂವರೆ ವರ್ಷವಾದರೂ ಮಗು ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಎಂದಾದರೆ ‘ಗಂಡು ಮಕ್ಕಳಿಗೆ ಮಾತು ತಡ’ ಎಂಬ ಹಿರಿಯರ ಸಮಾಧಾನ ನಂಬಿ ಕೂರಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ದೂರವಾದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಹೋಗುವಾಗ ಮಗು ಮನೆಯಲ್ಲಿ ಆಡುವ ಎರಡು-ಮೂರು ನಿಮಿಷದ ವಿಡಿಯೊ ಫೋನಿನಲ್ಲಿರಲಿ. ಹೊಸ ಜಾಗದಲ್ಲಿ ಅದು ಮನೆಯಲ್ಲಿದ್ದಂತೆ ಇರುವುದಿಲ್ಲ.