ಮೆಕ್ಕೆಜೋಳದ ಯಂತ್ರವನ್ನು ಮೊಬೈಲಿನಲ್ಲಿ ಮಾರಿದ ಅನುಭವ

ದಾವಣಗೆರೆಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಮಾರ್ಕೆಟಿಂಗ್ ವಿಭಾಗವೆಂದರೆ ಐದು ಜನ, ಒಂದು ಜೀಪು, ಗೋಡೆ ಬರಹ, ಕ್ಯಾಲೆಂಡರ್, ಕೃಷಿ ಮೇಳದ ಮಳಿಗೆ. ವರ್ಷಕ್ಕೆ ಒಂಬತ್ತು ಲಕ್ಷದ ಆಸುಪಾಸು ಖರ್ಚು. ಅದರಲ್ಲಿ ಯಾವ ರೂಪಾಯಿ ಯಾವ ಯಂತ್ರವನ್ನು ಮಾರಿತು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಅರ್ಧ ಹಣವನ್ನು ಮೊಬೈಲ್ ಜಾಹೀರಾತಿಗೆ ಹಾಕೋಣ ಎಂದು ನಾನು ಹೇಳಿದಾಗ ಮಾಲೀಕರು, "ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಜಗಳೂರಿನ ರೈತ ಮೊಬೈಲ್ ನೋಡಿ ಕೊಳ್ಳುತ್ತಾನೆಯೇ?" ಎಂದು ನಕ್ಕರು. ಈಗ ಅವರೇ ಬೆಳಿಗ್ಗೆ ಬಂದ ಕೂಡಲೇ "ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಜನ ಕೇಳಿದರು?" ಎನ್ನುತ್ತಾರೆ.

ಮೊದಲ ಹಂಗಾಮಿನ ಹಣವೆಲ್ಲ ನೀರುಪಾಲು. ಬೆಂಗಳೂರಿನ ಒಂದು ಏಜೆನ್ಸಿ ಡ್ರೋನ್ ಹಾರಿಸಿ, ಸಂಗೀತ ಹಾಕಿ ವಿಡಿಯೊ ಮಾಡಿಕೊಟ್ಟಿತು. ಎಪ್ಪತ್ತು ಸಾವಿರ ಚಿಲ್ಲರೆ, ಅದರ ಮೇಲೆ ಶೇ 18 ಜಿಎಸ್‌ಟಿ. ಲೈಕುಗಳು ಸಾವಿರಗಟ್ಟಲೆ ಬಂದವು, ಯಂತ್ರ ಒಂದೂ ಹೋಗಲಿಲ್ಲ. ಆಮೇಲೆ ಫೇಸ್‌ಬುಕ್ ಜಾಹೀರಾತು ಒತ್ತಿದರೆ ತೆರೆಯುವ ಫಾರಂ. ಅದರಲ್ಲಿ ಹೆಸರು, ನಂಬರು ತಾವಾಗಿಯೇ ತುಂಬಿಕೊಂಡಿರುತ್ತವೆ. ಕರೆ ಮಾಡಿದರೆ ಹತ್ತರಲ್ಲಿ ಏಳು ಜನ "ಯಾವ ಯಂತ್ರ ಸ್ವಾಮಿ?" ಎನ್ನುತ್ತಿದ್ದರು.

ಫಾರಂ ತೆಗೆದು, ಒತ್ತಿದರೆ ನೇರ ವಾಟ್ಸ್‌ಆ್ಯಪ್ ತೆರೆಯುವ ಜಾಹೀರಾತು ಹಾಕಿದೆ. ಜಗಳೂರು, ಹೊನ್ನಾಳಿ, ಭರಮಸಾಗರ, ಹೊಳಲ್ಕೆರೆ ಸುತ್ತಮುತ್ತ ಮಾತ್ರ. ಕೇಳುವವರ ಸಂಖ್ಯೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು, ಮಾರಾಟ ಏರಿತು.

ಬಂದ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ: ತೆನೆ ಸ್ವಲ್ಪ ಹಸಿ ಇದ್ದರೆ ಕಾಳು ಒಡೆಯುತ್ತದೆಯೇ? ನಮ್ಮ ಹುಡುಗನೊಬ್ಬ ಕಣದಲ್ಲೇ ಮೊಬೈಲಿನಲ್ಲಿ ಉತ್ತರವನ್ನು ಚಿತ್ರೀಕರಿಸಿದ. ಧೂಳು, ಟ್ರ್ಯಾಕ್ಟರ್ ಸದ್ದು, ಅವನ ಮುಖವೂ ಸರಿಯಾಗಿ ಕಾಣದು. ಬೀಳುತ್ತಿರುವ ಕಾಳಿಗೆ ಬೊಗಸೆಯೊಡ್ಡುತ್ತಾನೆ, ಒಡೆದ ಕಾಳನ್ನು ಒಂದೊಂದಾಗಿ ಆರಿಸಿ ಬೇರೆ ಇಡುತ್ತಾನೆ, ಹೊರಬಿದ್ದ ಬೆಂಡನ್ನು ತಿರುಗಿಸಿ ಕಾಳು ಉಳಿದಿಲ್ಲವೆಂದು ತೋರಿಸುತ್ತಾನೆ. ಒಟ್ಟು ಖರ್ಚು ಅವನಿಗೆ ಕೊಡಿಸಿದ ಮಂಡಕ್ಕಿ, ಮಿರ್ಚಿ. ಆ ಹಂಗಾಮಿನಲ್ಲಿ ಬಂದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಈ ವಿಡಿಯೊ ನೋಡಿದವರೇ.

ಕಾಳು ಒಡೆಯುವ ದೂರುಗಳನ್ನು ಮುದ್ರಿಸಿ ವರ್ಕ್‌ಶಾಪಿನ ಗೋಡೆಗೂ ಅಂಟಿಸಿದೆ. ಫೋರ್‌ಮನ್ ತಿಂಗಳುಗಟ್ಟಲೆ ನನ್ನೊಡನೆ ಮಾತು ಬಿಟ್ಟರು, ಆದರೆ ಡ್ರಮ್ಮಿಗೂ ಜಾಲರಿಗೂ ನಡುವಿನ ಸಂದನ್ನು ಸರಿಪಡಿಸಿದರು. ಮಾರ್ಕೆಟಿಂಗ್ ನವರಿಗೆ ವರ್ಕ್‌ಶಾಪಿನಲ್ಲೇನು ಕೆಲಸ ಎಂದು ಕೇಳುವ ಕಾಲ ಮುಗಿಯಿತು. ನನ್ನ ಐವರಲ್ಲಿ ಇಬ್ಬರು ಈಗ ಸಂದೇಶಗಳಿಗೆ ಉತ್ತರಿಸುವುದು, ದೂರು ಬರೆದಿಡುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ.

ಒಂದು ಸಣ್ಣ ಪ್ರಯೋಗವನ್ನೂ ಹೇಳಬೇಕು. ಮಾರಿದ ಯಂತ್ರಗಳ ಮೇಲೆ ಕ್ಯೂಆರ್ ಕೋಡ್ ಅಂಟಿಸಿದೆವು. ಸ್ಟಿಕ್ಕರ್ ಒಂದೇ ಸುಗ್ಗಿಗೆ ಅಳಿಸಿಹೋಯಿತು. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೆತ್ತಿಸಿದ ಮೇಲೆ ಪಕ್ಕದ ಹೊಲದವರೇ ಸ್ಕ್ಯಾನ್ ಮಾಡತೊಡಗಿದರು. ಗೋಡೆ ಬರಹವನ್ನು ಪೂರ್ತಿ ಬಿಟ್ಟಿಲ್ಲ, ಊರ ಹೆಸರಿಗಿಂತ ವಾಟ್ಸ್‌ಆ್ಯಪ್ ನಂಬರನ್ನು ದೊಡ್ಡದಾಗಿ ಬರೆಸುತ್ತೇನೆ.

ಒಂದು ಯಂತ್ರ ಮಾರಲು ಮೊದಲು ಹದಿನೈದು ಸಾವಿರದ ಹತ್ತಿರ ಬೀಳುತ್ತಿತ್ತು, ಈಗ ಏಳರ ಆಸುಪಾಸು. ಮೊದಲ ಉತ್ತರದಲ್ಲಿ ಏನು ಬರೆಯುತ್ತೇವೆ, ಜಾಹೀರಾತನ್ನು ದಿನದ ಯಾವ ಹೊತ್ತಿಗೆ ಬಿಡುತ್ತೇವೆ ಎಂಬುದನ್ನು ಮಾತ್ರ ಕೇಳಬೇಡಿ. ಈ ಸಲ ಲಂಬಾಣಿ ಭಾಷೆಯಲ್ಲಿ ಧ್ವನಿ ಸಂದೇಶ ಮಾಡಿಸಿದ್ದೇನೆ. ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪದಲ್ಲಿ ನಡೆಯುವ, ಲಂಬಾಣಿಗರ ಗುರು ಸೇವಾಲಾಲರ ಜಾತ್ರೆಯ ಹೊತ್ತಿಗೆ ತಾಂಡಾಗಳಿಗೆ ಕಳಿಸಿ ನೋಡಬೇಕು.