ತಪಸ್ಸುಕಾಲ: ಬಿಟ್ಟದ್ದು ಎಲ್ಲಿಗೆ ಹೋಯಿತು?

ಈಸ್ಟರ್‌ಗೆ ಮೊದಲಿನ ಉಪವಾಸ, ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲ (ಲೆಂಟ್) ಹತ್ತಿರ ಬಂತೆಂದರೆ ಕ್ರೈಸ್ತರು ಒಬ್ಬರನ್ನೊಬ್ಬರು ಕೇಳುವುದು ಒಂದೇ: ‘ಈ ಸಲ ಏನು ಬಿಡ್ತೀರಾ?’ ಕಾಫಿ, ಸಿಹಿ, ಮಾಂಸ, ಇನ್‌ಸ್ಟಾಗ್ರಾಂ. ಉತ್ತರ ಬೇಗ ಬರುತ್ತದೆ. ಅದರ ಬೆನ್ನಿಗೇ ಬರಬೇಕಾದ ಇನ್ನೊಂದು ಪ್ರಶ್ನೆ ಮಾತ್ರ ಬರುವುದೇ ಇಲ್ಲ. ಬಿಟ್ಟಮೇಲೆ ಉಳಿದ ದುಡ್ಡು, ಉಳಿದ ಹೊತ್ತು ಎಲ್ಲಿಗೆ ಹೋಯಿತು? ದುಡ್ಡು ಜೇಬಿನಲ್ಲೇ ಉಳಿದರೆ ಅದು ಉಳಿತಾಯ. ಸೊಂಟ ಸಣ್ಣಗಾಯಿತು ಎಂದು ಖುಷಿಪಟ್ಟರೆ ಅದು ಡಯಟ್. ಎರಡೂ ತಪ್ಪಲ್ಲ. ಆದರೆ ಅದಕ್ಕೋಸ್ಕರ ಹಣೆಗೆ ಬೂದಿ ಹಚ್ಚಿಸಿಕೊಳ್ಳಬೇಕಾಗಿಲ್ಲ, ಅಲ್ವಾ?

ಕೆಲಸ, ಮನೆ, ಫೋನು ಎಲ್ಲವನ್ನೂ ಇಟ್ಟುಕೊಂಡೇ ಈ ದಿನಗಳನ್ನು ಕಳೆಯುವುದು ಹೇಗೆ ಎಂದು ನೋಡೋಣ.

ಮೊದಲು ಕ್ಯಾಲೆಂಡರ್ ತೆಗೆಯಿರಿ

2027ರಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರುವರಿ 10ಕ್ಕೆ, ಯೇಸುವಿನ ಪುನರುತ್ಥಾನದ ಹಬ್ಬ ಈಸ್ಟರ್ ಮಾರ್ಚ್ 28ಕ್ಕೆ. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಸಿಗುತ್ತವೆ, 40 ಅಲ್ಲ. ಯೇಸು ಮರುಭೂಮಿಯಲ್ಲಿ 40 ದಿನ ಉಪವಾಸವಿದ್ದ ನೆನಪಿಗೇ ಉಪವಾಸದ ಲೆಕ್ಕ 40 ದಿನ. ಉಳಿದ 6 ದಿನ ಭಾನುವಾರಗಳು. ಭಾನುವಾರ ಪುನರುತ್ಥಾನದ ದಿನ, ಹಾಗಾಗಿ ಆ ದಿನ ಉಪವಾಸ ಲೆಕ್ಕಕ್ಕಿಲ್ಲ. ‘ಹಾಗಾದರೆ ಭಾನುವಾರ ಕಾಫಿ ಕುಡಿಯಬಹುದಾ?’ ಕುಡಿಯಬಹುದು. ಬೇಡ ಎನಿಸಿದರೆ ಬಿಡಬಹುದು. ನೀವಾಗಿ ಇಟ್ಟುಕೊಂಡ ವ್ರತಕ್ಕೆ ನಿಯಮವೂ ನಿಮ್ಮದೇ. ಆದರೆ ಅದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಶನಿವಾರ ರಾತ್ರಿ ತೀರ್ಮಾನಿಸಲು ಹೊರಟರೆ ಯಾವಾಗಲೂ ಕಾಫಿಯೇ ಗೆಲ್ಲುತ್ತದೆ.

ಆರ್ಥೊಡಾಕ್ಸ್ ಸಭೆಗಳ (ಚರ್ಚುಗಳ) ಲೆಕ್ಕ ಬೇರೆ. ಅವರಿಗೆ ಬೂದಿ ಬುಧವಾರವಿಲ್ಲ, ಸೋಮವಾರವೇ ಶುರು. ಮಾಂಸದ ಜೊತೆ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡುತ್ತಾರೆ. ನಿಮ್ಮ ಸಭೆಯ ಪದ್ಧತಿ ಏನು ಎಂದು ಫಾದರ್ ಅಥವಾ ಪಾಸ್ಟರ್ ಹತ್ತಿರ ಕೇಳಿಕೊಳ್ಳಿ.

ಬೂದಿಯ ದಿನ

ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮೊದಲು) ಹಂಚಿದ ಗರಿಗಳನ್ನು ಸುಟ್ಟು ಈ ಬೂದಿ ಮಾಡುವುದು ವಾಡಿಕೆ. ‘ನೀನು ಮಣ್ಣು, ಮಣ್ಣಿಗೇ ಮರಳುವೆ’ ಎಂದೋ, ‘ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು’ ಎಂದೋ ಹೇಳಿ ಗುರುಗಳು ಹಣೆಗೆ ಹಚ್ಚುತ್ತಾರೆ. ಅದೇ ಪೂಜೆಯಲ್ಲಿ ಓದುವ ಶುಭಸಂದೇಶ (ಬೈಬಲ್‌ನಲ್ಲಿ ಯೇಸುವಿನ ಬದುಕು, ಬೋಧನೆ ಹೇಳುವ ಭಾಗ) ಮತ್ತಾಯನ 6ನೇ ಅಧ್ಯಾಯ: ಉಪವಾಸ ಮಾಡುವಾಗ ಮುಖ ತೊಳೆದುಕೋ, ತಲೆಗೆ ಎಣ್ಣೆ ಹಚ್ಚಿಕೋ, ಬೇರೆಯವರಿಗೆ ಗೊತ್ತಾಗಬಾರದು. ಇದನ್ನು ಕೇಳಿಸಿಕೊಂಡು ಹೊರಗೆ ಬಂದವರೇ ಬೂದಿ ಹಚ್ಚಿದ ಹಣೆಯ ಸೆಲ್ಫಿ ಹಾಕುತ್ತಾರೆ! ಬೂದಿ ಇಟ್ಟುಕೊಂಡೇ ಆಫೀಸಿಗೆ ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಫೋಟೊ ಮಾತ್ರ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಅದೇ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರೂ ಒಟ್ಟಿಗೆ ಬರುತ್ತವೆ, ದಾನ ಮೊದಲು, ಉಪವಾಸ ಕೊನೆಗೆ. ನಾವು ಕೊನೆಯದನ್ನಷ್ಟೇ ಹಿಡಿದುಕೊಂಡು ಕೂತಿದ್ದೇವೆ.

ಊಟದ ವಿಚಾರ

ಕಥೋಲಿಕರಿಗೆ ಕಟ್ಟುನಿಟ್ಟಿನ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ 59 ತುಂಬುವವರೆಗೆ ಇದು ಅನ್ವಯ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಆ ಎರಡೂ ಸೇರಿ ಒಂದು ಪೂರ್ತಿ ಊಟದಷ್ಟಾಗಬಾರದು. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಮಗುವಿಗೆ ಹಾಲುಣಿಸುವವರು, ಹೊತ್ತು ಹೊತ್ತಿಗೆ ಮಾತ್ರೆ ನುಂಗುವವರು ಹಸಿದುಕೊಂಡು ಇರಬೇಕು ಎಂದು ಯಾರೂ ಹೇಳಿಲ್ಲ. ಮಕ್ಕಳನ್ನೂ ಒತ್ತಾಯ ಮಾಡಬೇಡಿ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಇಂಥ ಕಡ್ಡಾಯವಿಲ್ಲ. ಇದಕ್ಕೊಂದು ಹಳೆಯ ಜಗಳದ ಹಿನ್ನೆಲೆಯಿದೆ. 1522ರ ಲೆಂಟ್‌ನಲ್ಲಿ ಜ್ಯೂರಿಕ್‌ನ ಮುದ್ರಕ ಕ್ರಿಸ್ಟೋಫ್ ಫ್ರೋಷೌವರ್ ಮನೆಯಲ್ಲಿ ಕೆಲವರು ಬೇಕೆಂದೇ ಸಾಸೇಜ್ ತಿಂದರು. ಊರೆಲ್ಲ ಗಲಾಟೆಯಾಯಿತು. ಅಲ್ಲಿನ ಪಾದ್ರಿ, ಸಭೆಯ ಸುಧಾರಣೆಗೆ ಹೊರಟಿದ್ದ ಉಲ್ರಿಕ್ ಜ್ವಿಂಗ್ಲಿ ಅಲ್ಲೇ ಇದ್ದರೂ ತಿನ್ನಲಿಲ್ಲ. ಆದರೆ ಏನು ತಿನ್ನಬೇಕು ಎನ್ನುವುದು ಅವರವರಿಗೆ ಬಿಟ್ಟದ್ದು ಎಂದು ತಿಂದವರ ಪರವಾಗಿ ಪ್ರಸಂಗ ಮಾಡಿದ. ಈಗ ಹಲವು ಪ್ರೊಟೆಸ್ಟೆಂಟರು ಅದೇ ಸ್ವಾತಂತ್ರ್ಯದಿಂದ, ತಾವಾಗಿ ಇಷ್ಟಪಟ್ಟು ಲೆಂಟ್ ಆಚರಿಸುತ್ತಾರೆ.

ನೀವೇ ಆರಿಸಿಕೊಂಡ ವ್ರತವಿದ್ದಾಗ ಯಾರದೋ ಮನೆಗೆ ಹೋದಿರಿ, ಅವರು ಪ್ರೀತಿಯಿಂದ ನೀವು ಬಿಟ್ಟದ್ದನ್ನೇ ಬಡಿಸಿದರು ಎಂದುಕೊಳ್ಳಿ. ಸುಮ್ನೆ ತಿಂದು ಬನ್ನಿ. ವ್ರತದ ವಿವರಣೆ ಕೊಟ್ಟು ಅವರನ್ನು ಮುಜುಗರಕ್ಕೆ ಸಿಕ್ಕಿಸುವುದಕ್ಕಿಂತ ಇದು ಮೇಲು.

ದುಡ್ಡನ್ನು ಅದೇ ದಿನ ಬೇರೆ ಎತ್ತಿಡಿ

‘ಹೆರ್ಮಾಸನ ಕುರುಬ’ ಎಂದು ಎರಡನೇ ಶತಮಾನದ ಒಂದು ಕ್ರೈಸ್ತ ಗ್ರಂಥವಿದೆ. ಉಪವಾಸ ಮಾಡುವುದು ಹೇಗೆ ಎಂದು ಅದರಲ್ಲಿ ಹೇಳಿರುವುದು ಇಷ್ಟು: ಆ ದಿನ ಬರೀ ರೊಟ್ಟಿ, ನೀರು. ಮಾಮೂಲಿ ದಿನವಾಗಿದ್ದರೆ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ಹಾಕು. ಆ ಹಣವನ್ನು ವಿಧವೆಗೋ ಅನಾಥರಿಗೋ ಬಡವರಿಗೋ ಕೊಡು. ಇಷ್ಟು ಪಕ್ಕಾ ಲೆಕ್ಕದ ಉಪವಾಸ ನನಗಂತೂ ತುಂಬಾ ಹಿಡಿಸುತ್ತದೆ.

ಇವತ್ತಿಗೆ ಇದನ್ನು ಹೀಗೆ ಮಾಡಬಹುದು. ಬೂದಿ ಬುಧವಾರಕ್ಕೆ ಮೊದಲೇ ದುಡ್ಡು ಯಾರಿಗೆ ಎಂದು ಗೊತ್ತು ಮಾಡಿಕೊಳ್ಳಿ. ‘ಬಡವರಿಗೆ’ ಅಂದರೆ ಸಾಲದು. ಫೀಸು ಕಟ್ಟಲು ಪರದಾಡುವ ಇಂಥ ಮಗು, ಔಷಧಿ ಕೊಳ್ಳಲಾಗದ ಇಂಥವರು ಎನ್ನುವಷ್ಟು ಸ್ಪಷ್ಟವಿರಲಿ. ಆಮೇಲೆ ಒಂದು ಡಬ್ಬಿ ಇಡಿ, ಇಲ್ಲವೇ ಬೇರೆ ಖಾತೆ. ಕಾಫಿ ಕುಡಿಯದ ದಿನ ಕಾಫಿಯ ದುಡ್ಡು, ಆ್ಯಪ್‌ನಲ್ಲಿ ಊಟ ತರಿಸದ ರಾತ್ರಿ ಆ ಬಿಲ್ಲಿನಷ್ಟು ಹಣ ಅವತ್ತೇ ಅದರೊಳಗೆ ಬೀಳಬೇಕು. ‘ಕೊನೆಗೆ ಒಟ್ಟಿಗೆ ಕೊಟ್ಟರಾಯಿತು’ ಅಂದುಕೊಂಡರೆ ಅದು ಬೇರೆ ಖರ್ಚಿನಲ್ಲಿ ಕರಗಿಹೋಗುತ್ತದೆ. ಮಾಂಸ ಬಿಟ್ಟು ಅದಕ್ಕಿಂತ ದುಬಾರಿ ಮೀನಿನ ಊಟ ಮಾಡಿದವರ ಡಬ್ಬಿಗೆ ಏನೂ ಬೀಳುವುದಿಲ್ಲ. ಅವರು ನಿಯಮ ಮುರಿದಿಲ್ಲ ನಿಜ. ಆದರೆ ಯಾರಿಗೂ ಏನೂ ಸಿಗಲೂ ಇಲ್ಲ.

ಕೊಟ್ಟದ್ದರ ಸ್ಕ್ರೀನ್‌ಶಾಟ್ ಎಲ್ಲಿಗೂ ಹೋಗಬಾರದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎನ್ನುವುದೂ ಮತ್ತಾಯ 6ರ ಮಾತೇ.

ಫೋನು

ಊಟ ಬಿಡುವುದಕ್ಕಿಂತ ಇದು ಕಷ್ಟ. ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಆಗುವುದೂ ಇಲ್ಲ. ಇನ್‌ಸ್ಟಾಗ್ರಾಂ ಹೋದ ಜಾಗಕ್ಕೆ ಯೂಟ್ಯೂಬ್ ಬಂದು ಕೂರುತ್ತದೆ. ಬೆರಳಿಗೆ ಯಾವುದಾದರೇನು?

ಹಾಗಾಗಿ ಆ್ಯಪ್ ಬದಲು ಹೊತ್ತನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದ ಮೊದಲ ಅರ್ಧ ಗಂಟೆ, ಅಥವಾ ರಾತ್ರಿ ಊಟವಾದ ಮೇಲಿನ ಹೊತ್ತು. ಆಗ ಫೋನು ಬೇರೆ ಕೋಣೆಯಲ್ಲಿರಲಿ. ಅಲಾರಂಗೆ ಒಂದು ಗಡಿಯಾರ ತಂದುಕೊಳ್ಳಿ, ಇಲ್ಲದಿದ್ದರೆ ಅದೇ ನೆಪವಾಗುತ್ತದೆ. ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎನ್ನುವುದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ತಪಸ್ಸುಕಾಲದ ಪ್ರತಿ ದಿನಕ್ಕೂ ಪೂಜೆಯ ವಾಚನಗಳು ಗೊತ್ತಾಗಿರುತ್ತವೆ. ಅವತ್ತಿನ ಶುಭಸಂದೇಶವನ್ನು ಅಚ್ಚಾದ ಬೈಬಲ್‌ನಲ್ಲೇ ಓದಿ. ಫೋನಿನಲ್ಲಿ ಓದಲು ಕೂತರೆ ಎರಡನೇ ವಾಕ್ಯಕ್ಕೇ ಇನ್ನೇನೋ ಮೆಸೇಜು ಬಂದಿರುತ್ತದೆ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಸಾಕು. ಮೊದಲ ವಾರ ಚಡಪಡಿಕೆ, ಬೇಜಾರು ಎರಡೂ ಬರುತ್ತವೆ. ಎದ್ದು ಹೋಗದೆ ಕೂತಿರಿ. ರಾತ್ರಿಯ ಹೊತ್ತಾದರೆ ಒಂಟಿಯಾಗಿರುವ ಹಿರಿಯರಿಗೆ ಒಂದು ಕರೆ ಮಾಡಿ. ಆ ಒಂದು ಕೆಲಸಕ್ಕೆ ಫೋನು ಕೈಗೆ ಬಂದರೆ ತಪ್ಪೇನಿಲ್ಲ.

ಆಫೀಸಿನ ಮೆಸೇಜುಗಳನ್ನು ಮಾತ್ರ ವ್ರತದ ಹೆಸರಿನಲ್ಲಿ ತಳ್ಳಬೇಡಿ. ನಿಮ್ಮ ಕೆಲಸ ಪಕ್ಕದವರ ಮೇಲೆ ಬಿದ್ದರೆ ತಪಸ್ಸು ಅವರದ್ದಾಗುತ್ತದೆ.

ಹಸಿವಿನ ಸಿಟ್ಟು

ಬೈಬಲ್‌ನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯವನ್ನು ಈ ದಿನಗಳಲ್ಲಿ ಒಮ್ಮೆ ಪೂರ್ತಿ ಓದಿ. ‘ಉಪವಾಸ ಮಾಡಿದರೂ ದೇವರು ನಮ್ಮ ಕಡೆ ನೋಡಲಿಲ್ಲವಲ್ಲ’ ಎಂದು ಜನ ಗೊಣಗುತ್ತಾರೆ. ಸಿಗುವ ಉತ್ತರ ಖಾರವಾಗಿದೆ: ಉಪವಾಸದ ದಿನವೇ ನೀವು ಜಗಳ ಆಡುತ್ತೀರಿ, ಕೆಲಸದವರನ್ನು ಹಿಂಡುತ್ತೀರಿ. ಮನೆಕೆಲಸದವರ ಸಂಬಳ ಬಾಕಿ ಇದ್ದರೆ ಕಾಫಿ ಬಿಡುವ ಮೊದಲು ಅದನ್ನು ಕೊಟ್ಟು ಮುಗಿಸಿ. ಖಾಲಿ ಹೊಟ್ಟೆಯಲ್ಲಿ ಮನೆಯವರ ಮೇಲೆ ರೇಗುವಂತಾದರೆ ಒಂದಿಷ್ಟು ತಿಂದುಬಿಡಿ, ಪರವಾಗಿಲ್ಲ. ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಈ ಸಲ ಬಿಡಬೇಕಾದ್ದು ಮಾಂಸವಲ್ಲ, ಆ ಹಟವೇ ಇರಬಹುದು.

ಮಧ್ಯದಲ್ಲಿ ತಪ್ಪಿದರೆ

ತಪ್ಪುತ್ತದೆ. ಮರುದಿನ ಮತ್ತೆ ಶುರು ಮಾಡಿ. ಒಂದು ದಿನ ತಪ್ಪಿತೆಂದು ಎರಡು ದಿನ ಹಸಿದುಕೊಂಡು ದಂಡ ಕಟ್ಟಬೇಡಿ. ಸಭೆಯೂ ಉಸಿರಾಡಲು ಜಾಗ ಕೊಟ್ಟಿದೆ. ನಾಲ್ಕನೇ ಭಾನುವಾರ ನೇರಳೆ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕಬಹುದು, ‘ಸಂತೋಷಪಡಿರಿ’ ಎನ್ನುವುದೇ ಆ ದಿನದ ಮಾತು. ಅಲ್ಲಿಗೆ ಅರ್ಧ ದಾರಿ ದಾಟಿರುತ್ತೀರಿ. ಆ ದಿನ ಕೂತು ಡಬ್ಬಿ ಎಣಿಸಿ ನೋಡಿ. ಖಾಲಿ ಇದ್ದರೆ ಆರಿಸಿಕೊಂಡ ವ್ರತ ಬದಲಾಯಿಸಿ.

ಕೊನೆಯ ವಾರಕ್ಕೆ ತಯಾರಿ

ಪವಿತ್ರ ವಾರದ ರಜೆಯನ್ನು ಬೇಗ ಕೇಳಿಡಿ. ಕಥೋಲಿಕ ಪದ್ಧತಿಯಲ್ಲಿ ಪವಿತ್ರ ಗುರುವಾರ ಸಂಜೆಯ ಪೂಜೆಗೆ ತಪಸ್ಸುಕಾಲ ಮುಗಿದು, ಈಸ್ಟರ್‌ವರೆಗಿನ ಮೂರು ದಿನಗಳು ಶುರುವಾಗುತ್ತವೆ. ಮೂರೂ ದಿನ ಚರ್ಚಿಗೆ ಹೋಗಲಾಗದಿದ್ದರೆ ಶುಕ್ರವಾರದ ಮಧ್ಯಾಹ್ನವನ್ನಾದರೂ ಬಿಡುವು ಮಾಡಿಕೊಳ್ಳಿ. ಪಾಪನಿವೇದನೆಗೆ ಆ ವಾರ ಉದ್ದ ಸಾಲು ಇರುತ್ತದೆ. ಎರಡು ವಾರ ಮೊದಲೇ ಹೋದರೆ ಗುರುಗಳಿಗೂ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ.

ಡಬ್ಬಿಯ ಹಣ ಗುರುವಾರದೊಳಗೆ ಸೇರಬೇಕಾದವರಿಗೆ ಸೇರಲಿ. ಹಬ್ಬದ ಖರ್ಚಿನ ಭರದಲ್ಲಿ ಅದಕ್ಕೆ ಕೈ ಹಾಕುವಂತಾಗಬಾರದು. ಈಸ್ಟರ್ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ, ತಪಸ್ಸುಕಾಲಕ್ಕಿಂತ ಜಾಸ್ತಿ. ಅಲ್ಲಿಂದ ಕಾಫಿ ಕುಡಿಯಿರಿ, ಸಿಹಿ ತಿನ್ನಿ. ರಾತ್ರಿಯ ಕರೆಗಳನ್ನು ಮಾತ್ರ ಥಟ್ಟನೆ ನಿಲ್ಲಿಸಬೇಡಿ. ದಿನಾ ಆಗದಿದ್ದರೆ ವಾರಕ್ಕೊಂದು ದಿನ ಗೊತ್ತು ಮಾಡಿ, ಯಾವ ದಿನ ಎಂದು ಅವರಿಗೂ ಹೇಳಿಬಿಡಿ.