ಓಡಿಸಿ ನೋಡಿದ ಮೇಲೆ ಗೊತ್ತಾಯಿತು

ಬೆಳಗಾವಿಯಲ್ಲಿ ಫಿಸಿಯೋ ಕ್ಲಿನಿಕ್ ಇಟ್ಟ ಮೇಲೆ ಸೇನಾ ಭರ್ತಿಗೆ ಓಡುವ ಹುಡುಗರು ಬಂದೇ ಬರುತ್ತಾರೆ. ಹೆಚ್ಚಿನವರಿಗೆ ಕಣಕಾಲ ಮೂಳೆಯ ಒಳಅಂಚಿನಲ್ಲಿ ನೋವು. ಬೈಲಹೊಂಗಲ ಕಡೆಯ ಈ ಹುಡುಗನದೂ ಅದೇ ಅಂದುಕೊಂಡೆ. ಐಸ್, ಟೇಪಿಂಗ್, ಮೀನಖಂಡದ ಸ್ಟ್ರೆಚಿಂಗ್, ವಿಶ್ರಾಂತಿ. ಆರು ವಾರ ಹೋಯಿತು. ಮತ್ತೆ ಓಡಿದ ದಿನವೇ ನೋವು ವಾಪಸ್.

ತಪ್ಪು ನನ್ನದೇ. ಅವನು ಮೊದಲ ದಿನವೇ ಹೇಳಿದ್ದ: “ಓಡುಮುಂದ ಅಷ್ಟ ಬ್ಯಾನಿ ಆಗ್ತೈತ್ರಿ ಸರ್. ಕುಂತ್ರ ಏನೂ ಇರಂಗಿಲ್ಲ.” ನಾನು ಮಾತ್ರ ಕೂತ ಕಾಲನ್ನೇ ನೋಡುತ್ತಿದ್ದೆ.

ಮೊದಲಿಂದ ಶುರು ಮಾಡಿದೆ. ಮೂಳೆ ಉದ್ದಕ್ಕೂ ಒತ್ತಿದೆ. ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು, ಆಗಿದ್ದರೆ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋಯುತ್ತದೆ. ಹಾಗಿರಲಿಲ್ಲ. ಎಕ್ಸ್‌ರೇ ಸರಿ ಇತ್ತು, ಆದರೆ ಶುರುವಿನ ಬಿರುಕು ಅದರಲ್ಲಿ ಕಾಣದೇ ಇರಬಹುದು. ಹಾಗಾಗಿ ಅದೊಂದನ್ನೇ ನಂಬಲಿಲ್ಲ. ಸೊಂಟದ ನರದ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ವಾಚ್ ಹಿಡಿದು ಮೈದಾನಕ್ಕೆ ಹೋದೆ. ಎಂಟನೇ ನಿಮಿಷಕ್ಕೆ ಬಲಗಾಲ ಸದ್ದು ಬದಲಾಯಿತು. ಪಾದ ಮೆಲ್ಲಗೆ ಇಳಿಯದೆ ಪಟ್ ಪಟ್ ಅಂತ ನೆಲಕ್ಕೆ ಬಡಿಯುತ್ತಿತ್ತು. ಅಲ್ಲೇ ಕೂರಿಸಿ ಮುಟ್ಟಿದೆ. ಕಣಕಾಲ ಮುಂದಿನ ಸ್ನಾಯು ಕಟ್ಟಿಗೆಯ ಹಾಗೆ ಬಿರುಸಾಗಿತ್ತು. ಕಣ್ಣು ಮುಚ್ಚಿಸಿ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಗೆ ಹುಲ್ಲಿನ ಎಸಳು ತಾಗಿಸಿದೆ. “ಏನೂ ಗೊತ್ತಾಗವಲ್ದ್ರಿ” ಅಂದ. ಪಾದದ ಮೇಲಿನ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಅದು ಸಿಗದಿದ್ದರೆ ಮೊಣಕಾಲ ಹಿಂದಿನ ರಕ್ತನಾಳದ ಕಡೆ ಯೋಚಿಸಬೇಕಿತ್ತು. ಇಪ್ಪತ್ತು ನಿಮಿಷಕ್ಕೆ ಎಲ್ಲಾ ಮಾಯ.

ಕೆಳಗಾಲಿನ ಸ್ನಾಯುಗಳು ನಾಲ್ಕು ಗೂಡುಗಳಲ್ಲಿವೆ. ಸುತ್ತಲಿನ ಪೊರೆ ಜಾಸ್ತಿ ಹಿಗ್ಗುವುದಿಲ್ಲ. ಓಡುವಾಗ ರಕ್ತ ತುಂಬಿ ಸ್ನಾಯು ಉಬ್ಬಿದರೆ ಒಳಗಿನ ಒತ್ತಡ ಏರುತ್ತದೆ, ನರ ಹಿಂಡಿದಂತಾಗುತ್ತದೆ. ಮುಂದಿನ ಗೂಡಿನ ನರವೇ ಆ ಬೆರಳ ಸಂದಿಗೆ ಹೋಗುವುದು. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ, ಓಟದಿಂದ ಬರುವ ಬಗೆಯದು. ಖಾತ್ರಿ ಮಾಡಲು ಸೂಜಿ ಹಾಕಿ ಒತ್ತಡ ಅಳೆಯಬೇಕು. ಓಟ ನಿಲ್ಲಿಸಿದ ಒಂದು ನಿಮಿಷಕ್ಕೆ 30 ಮಿಲಿಮೀಟರ್ ಪಾದರಸ ಅಥವಾ ಹೆಚ್ಚಿದ್ದರೆ ಅನುಮಾನ ಗಟ್ಟಿ.

ಮೂಳೆ ಡಾಕ್ಟರಿಗೆ ಬರೆದ ಪತ್ರದಲ್ಲಿ ರೋಗದ ಹೆಸರಿಗಿಂತ ಮೊದಲು ನಿಮಿಷದ ಲೆಕ್ಕ ಹಾಕಿದೆ: ಯಾವಾಗ ಪಾದ ಬಡಿಯಿತು, ಯಾವಾಗ ಜೋಮು, ಯಾವಾಗ ಸರಿಹೋಯಿತು. ಅಳೆದಾಗ 38 ಬಂತು. ಆಪರೇಷನ್ ಮಾತು ಮುಂದಿದೆ. ಅಲ್ಲಿಯವರೆಗೆ ಹೆಜ್ಜೆ ಚಿಕ್ಕದು ಮಾಡಿ, ಹಿಮ್ಮಡಿ ಮೊದಲು ಊರದೆ ಓಡುವುದನ್ನು ಕಲಿಸುತ್ತಿದ್ದೇನೆ. ನಿಂತ ಮೇಲೂ ನೋವು ಇಳಿಯದೆ ಏರುತ್ತಿದ್ದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ನೇರ ಆಸ್ಪತ್ರೆಗೆ ಹೋಗು ಅಂತ ಅವನ ಅಪ್ಪನ ಎದುರೇ ಹೇಳಿದ್ದೇನೆ.